ಸೀಮೆ ದಾಟಿದ ಅರ್ಧ ಪುಸ್ತಕ

ಮೊಮ್ಮಕ್ಕಳೇ, ನಿಮ್ಮ ಕೈಯಲ್ಲಿ ಹೊಸ ಪುಸ್ತಕ ಕಂಡರೆ ನಾನು ಮೊದಲು ಅದರ ಬೆನ್ನನ್ನು ಬೆರಳಿನಿಂದ ಸವರಿ ನೋಡುತ್ತೇನೆ. ಆಯಿಗೆ ಓದುವುದಕ್ಕಿಂತ ಹೊಲಿಗೆ ನೋಡುವ ಹುಚ್ಚು ಎಂದು ನೀವು ನಗುತ್ತೀರಿ. ನಗಿರಿ, ನನಗೇನೂ ಬೇಜಾರಿಲ್ಲ. ಪುಸ್ತಕಕ್ಕೂ ಕೌದಿಯ ಹಾಗೆ ಹೊಲಿಗೆ ಇರುತ್ತದೆ ಎಂದು ನನಗೆ ತೋರಿಸಿಕೊಟ್ಟವಳು ಖಮರುನ್ನಿಸಾ. ಊರೆಲ್ಲ ಅವಳನ್ನು ಖಮರು ಎನ್ನುತ್ತಿತ್ತು. ಅವಳ ವಿಷಯವನ್ನು ನನ್ನ ಗಂಡ, ನಿಮ್ಮ ಮುತ್ಯಾನಿಗೂ ನಾನು ಹೇಳಿರಲಿಲ್ಲ. ಅವರು ಕೇಳುತ್ತಿರಲಿಲ್ಲವೆಂದಲ್ಲ, ನನಗೆ ಬಾಯಿ ಬರುತ್ತಿರಲಿಲ್ಲ. ಈಗ ಅವರೂ ಇಲ್ಲ. ಕೂತು ಬರೆದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲವಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನನ್ನ ತವರು ರಾವೂರಿಗೆ ಹತ್ತಿರದ ಒಂದು ಸಣ್ಣ ಊರು. ಮನೆಯ ನೆಲಕ್ಕೆ ಫರಸಿ ಕಲ್ಲು, ಗೋಡೆಗೆ ಫರಸಿ, ಮೇಲೆ ಹೊದಿಸಿದ್ದೂ ಫರಸಿ. ಖಣಿಯ ಕಲ್ಲು ಅಷ್ಟು ಅಗ್ಗವಾಗಿ ಸಿಗುತ್ತಿತ್ತು. ಬೇಸಿಗೆಯಲ್ಲಿ ಮಧ್ಯಾಹ್ನ ಆ ನೆಲದ ಮೇಲೆ ಕೆನ್ನೆ ಇಟ್ಟು ಮಲಗಿದರೆ ಬಾವಿಯೊಳಗೆ ಮಲಗಿದಂತೆ ತಂಪು. ಮುಂದೆ ಪಡಸಾಲೆ, ಅಲ್ಲಿ ಅಪ್ಪ ಮತ್ತು ಅವರ ತಮ್ಮ, ನಮ್ಮ ಕಾಕಾ, ಕೂರುತ್ತಿದ್ದರು. ಆಮೇಲೆ ನಡುಮನೆ, ಅದರ ಹಿಂದೆ ಅಡುಗೆಮನೆ, ಬದಿಯಲ್ಲಿ ಜೋಳ ಇಡುವ ಕತ್ತಲೆ ಕೋಣೆ. ಆ ಕೋಣೆಯ ಮೂಲೆಯಲ್ಲಿ ಒಂದು ಫರಸಿ ಸಡಿಲವಾಗಿತ್ತು. ಕಾಲಿಟ್ಟರೆ ಟಕ್ ಎನ್ನುತ್ತಿತ್ತು. ಅದರ ಕೆಳಗೆ ನಾನು ಏನು ಇಡುತ್ತಿದ್ದೆ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಗೆ ನಾನು ಶಾಲೆಗೆ ಹೋಗುವುದಕ್ಕೆ ಅಡ್ಡಿಯಿರಲಿಲ್ಲ, ಆದರೆ ಕತೆ ಪುಸ್ತಕ ಎಂದರೆ ಆಗುತ್ತಿರಲಿಲ್ಲ. ಒಮ್ಮೆ ನನ್ನ ಕೈಯಲ್ಲಿ ಒಂದನ್ನು ನೋಡಿ ಅವರು ಹೇಳಿದ್ದು ಇಷ್ಟೇ.

"ಇನ್ನೊಮ್ಮಿ ಇಂಥಾದ್ದು ಮನ್ಯಾಗ ಕಂಡ್ರ ಶಾಲಿ ಬಂದ್ ನೋಡು. ಲೆಕ್ಕ ಕಲಿ, ಪತ್ರ ಬರ್ಯೋದು ಕಲಿ. ಸುಳ್ಳ ಕಥಿ ಕಲ್ತು ಏನ್ ಮಾಡ್ತಿ?"

ನಮ್ಮ ಮಾಸ್ತರರು ದೂರದ ಊರಿನವರು, ಒಬ್ಬರೇ ಇದ್ದರು. ಶಾಲೆಯ ಪಕ್ಕದ ಕೋಣೆಯಲ್ಲಿ ಅವರ ತಗಡಿನ ಟ್ರಂಕು ಇತ್ತು, ಅದರ ತುಂಬ ಪುಸ್ತಕ. ಶಾಲೆಯವಲ್ಲ, ಅವರ ಸ್ವಂತದವು. ಹೆಚ್ಚಿನವಕ್ಕೆ ಮೇಲಿನ ರಟ್ಟು ಹೋಗಿ, ಸಿಮೆಂಟ್ ಚೀಲದ ಕಂದು ಕಾಗದ ಅಂಟಿಸಿದ್ದರು. ಆ ಟ್ರಂಕು ತೆರೆಯುವುದು ಖಮರು ಒಬ್ಬಳಿಗೆ. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಒಂದು ಪುಸ್ತಕ ಕೊಟ್ಟರೆ ಮುಂದಿನ ಶನಿವಾರ ಅದು ಹಿಂದಿರುಗಬೇಕು. ನನಗೂ ಕೇಳಿದ್ದರೆ ಕೊಡುತ್ತಿದ್ದರೋ ಏನೋ. ನಾನು ಕೇಳಲಿಲ್ಲ. ಹಾಗಾಗಿ ಒಂದೇ ಪುಸ್ತಕ, ಎಂಟು ದಿನ, ಓದುವವರು ಇಬ್ಬರು. ಇಬ್ಬರಿಗೂ ಮನೆಗೆಲಸ. ಅದಕ್ಕೆ ಖಮರು ಒಂದು ದಾರಿ ಹುಡುಕಿದಳು. ಅವಳ ತಾಯಿ ಊರಿನವರಿಗೆಲ್ಲ ಕೌದಿ ಹೊಲಿದು ಕೊಡುತ್ತಿದ್ದರು. ಆ ದಬ್ಬಣ ತಂದು, ಪುಸ್ತಕದ ಬೆನ್ನಿನ ದಾರವನ್ನು ಮೆಲ್ಲಗೆ ಎಬ್ಬಿಸಿ, ನಡುವಿಗೆ ಸರಿಯಾಗಿ ಎರಡು ಮಾಡುತ್ತಿದ್ದಳು. ಅವಳಿಗೆ ಅರ್ಧ, ನನಗೆ ಅರ್ಧ. ಬುಧವಾರ ಪಾಳಿ ಬದಲು. ಶುಕ್ರವಾರ ಸಂಜೆ ಹಳೆಯ ತೂತಿನಲ್ಲೇ ದಾರ ಪೋಣಿಸಿ ಹೊಲಿದು, ಕಂದು ಕಾಗದದ ಬೆನ್ನಿಗೆ ಗಂಜಿ ಹಚ್ಚಿ ಒಣಗಿಸಿದರೆ ಮಾಸ್ತರರ ಕಣ್ಣಿಗೂ ಗೊತ್ತಾಗುತ್ತಿರಲಿಲ್ಲ. ಹೀಗೆ ಆರು ಪುಸ್ತಕ ಓದಿದೆವು.

"ನಿನಗ ಮುಂದಿಂದೋ, ಹಿಂದಿಂದೋ?" ಎಂದು ಪ್ರತಿ ಸಲ ಕೇಳುತ್ತಿದ್ದಳು.

"ಯಾವ್ದರೆ ಕೊಡು."

"ಯಾವ್ದರೆ ಅಂದ್ರ ಹಿಂದಿಂದೇ ನಿನಗ. ಬಾಯಿ ಬಿಟ್ಟು ಕೇಳೋತನಾ ಮುಂದಿಂದು ಸಿಗಂಗಿಲ್ಲ, ಶರಣಿ."

ಹಾಗೆ ನಾನು ಎಲ್ಲ ಕತೆಯನ್ನೂ ಬಾಲದಿಂದ ಓದಿದವಳು. ಯಾರು ಸತ್ತರು, ಯಾರು ಮನೆಗೆ ಮರಳಿದರು ಎಂಬುದು ಮೊದಲು ತಿಳಿಯುತ್ತಿತ್ತು. ಅವರು ಯಾರು, ಯಾಕೆ ಹೋಗಿದ್ದರು ಎಂಬುದು ಬುಧವಾರದ ನಂತರ.

ಏಳನೆಯ ತರಗತಿಯ ಪರೀಕ್ಷೆಗೆ ಚಿತ್ತಾಪುರಕ್ಕೆ ಹೋಗಬೇಕಿತ್ತು. ಅಲ್ಲಿ ನಾಲ್ಕು ದಿನ ಉಳಿಯಬೇಕು. ಹುಡುಗಿಯರನ್ನು ಯಾರು ಕಳುಹಿಸುತ್ತಾರೆ? ಮಾಸ್ತರರು ತಾವೇ ಖಮರುವಿನ ಮನೆಗೆ ಹೋಗಿ, ಚಿತ್ತಾಪುರದಲ್ಲಿ ತಮ್ಮ ಅಕ್ಕನ ಮನೆಯಿದೆ, ಅವಳನ್ನು ಅಲ್ಲಿ ಇಟ್ಟುಕೊಳ್ಳುತ್ತೇನೆ, ಪಾಸಾದರೆ ಮುಂದೆ ಶಿಕ್ಷಕಿಯ ತರಬೇತಿಗೆ ಕಳುಹಿಸಬಹುದು ಎಂದು ಹೇಳಿದರು. ಅವಳ ಅಪ್ಪ ಮೌಲಾಸಾಬ ಖಣಿಯಲ್ಲಿ ಫರಸಿ ಎಬ್ಬಿಸುವವರು. ಉಳಿಯನ್ನು ಪಕ್ಕಕ್ಕಿಟ್ಟು ಅವರು ಹೇಳಿದ ಮಾತನ್ನು ಖಮರು ನನಗೆ ಹತ್ತು ಸಲ ಹೇಳಿದ್ದಳು.

"ನನಗ ಕಲ್ಲಿನ ಪದರ ತಿಳೀತದ, ಓದು ತಿಳೀಯಂಗಿಲ್ಲ ಮಾಸ್ತರ್ ಸಾಬ್. ನಿಮ್ಮ ಮಾತಿನ ಮ್ಯಾಲ ಕಳಸ್ತೀನಿ. ನೀವು ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ."

ಏಳನೆಯ ಪುಸ್ತಕ ಬಂದದ್ದು ಆ ದಿನಗಳಲ್ಲಿ. ಅದಕ್ಕೂ ಹೆಸರಿನ ಪುಟ ಇರಲಿಲ್ಲ. ಗಿರಿಜೆ ಎಂಬ ಹುಡುಗಿಯ ಕತೆ ಎಂದಷ್ಟೇ ಗೊತ್ತು. ಎಂದಿನಂತೆ ಹಿಂದಿನ ಅರ್ಧ ನನಗೆ ಬಂತು. ಅದು ವಾಕ್ಯದ ನಡುವೆಯೇ ಶುರುವಾಗುತ್ತಿತ್ತು. "...ಅಂಬಿಗ ಕೇಳಿದಾಗ ಗಿರಿಜೆ ಉತ್ತರ ಕೊಡದೆ ದೋಣಿ ಹತ್ತಿದಳು." ಅಂಬಿಗ ಏನು ಕೇಳಿದ ಎಂಬುದು ಖಮರುವಿನ ಅರ್ಧದಲ್ಲಿ ಉಳಿದಿತ್ತು. ಬುಧವಾರ ಕೇಳೋಣ ಎಂದುಕೊಂಡೆ. ಮಂಗಳವಾರ ಬೆಳಿಗ್ಗೆ ನನ್ನ ತಂಗಿ ಕಸ್ತೂರಿಯ ಹಣೆಯ ಮೇಲೆ ಗುಳ್ಳೆ ಎದ್ದವು. ಅವಳಿಗೆ ಆಗ ಐದು ವರ್ಷ, ಶಾಲೆಗೆ ಸೇರಿರಲಿಲ್ಲ. ಶಾಲೆಗೆ ಬಂದು ಲಸಿಕೆ ಚುಚ್ಚುವವರು ನಮ್ಮ ತೋಳಿಗೆಲ್ಲ ಚುಚ್ಚಿ ಹೋಗಿದ್ದರು, ಅವಳು ತಪ್ಪಿಸಿಕೊಂಡಿದ್ದಳು. ಅಪ್ಪನ ತಾಯಿ, ಎಂದರೆ ನನ್ನ ಆಯಿ, ಅವಳ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, ಸೆರಗು ಹೊದ್ದು, ನೆಲಕ್ಕೆ ಹಣೆ ಹಚ್ಚಿದಳು. ಸಿಡುಬು ಎಂಬ ಮಾತನ್ನು ಯಾರೂ ಆಡಲಿಲ್ಲ. ದೇವಿ ಬಂದಳು ಎಂದರು. ಬಾಗಿಲಿಗೆ ಬೇವಿನ ಸೊಪ್ಪಿನ ದಾರ ಕಟ್ಟಿದರು.

ಆ ದಾರ ಕಟ್ಟಿದ ಮೇಲೆ ಮನೆ ನಮ್ಮದಲ್ಲ, ದೇವಿಯದು. ಕಸ ಹೊಡೆಯುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ತಲೆ ಬಾಚುವಂತಿಲ್ಲ. ಒಲೆಯ ಮೇಲೆ ಎಣ್ಣೆ ಇಡುವಂತಿಲ್ಲ. ಮೂರು ವಾರ ಒಗ್ಗರಣೆಯಿಲ್ಲದ ಬೇಳೆ, ರೊಟ್ಟಿ, ಮೊಸರನ್ನ. ಕಾಕಾ ಒಂದು ದಿನ ತಟ್ಟೆ ನೋಡಿ ಮೆಲ್ಲಗೆ ಅಂದುಬಿಟ್ಟ.

"ದೇವಿ ಕಸ್ತೂರಿ ಮೈಮ್ಯಾಲ ಬಂದಾಳೋ, ನನ್ನ ನಾಲಗಿ ಮ್ಯಾಲ ಬಂದಾಳೋ ತಿಳೀವಲ್ದು."

ಆಯಿಗೆ ಕೇಳಿಸಿತು. "ನಿನ್ನ ಬಾಯಾಗ ಮಣ್ಣ ಹಾಕ್ಲಿ! ಬಡಕೋ ಕೆನ್ನಿ. ತಪ್ಪಾತವ್ವ ಅನ್ನು. ಇನ್ನಾ ಗಟ್ಟಿ ಬಡಕೋ."

ಮೀಸೆ ಬಂದ ಕಾಕಾ ತಟ್ಟೆಯ ಮುಂದೆ ಕೂತು ಕೆನ್ನೆ ಬಡಿದುಕೊಂಡ ಸಪ್ಪಳ ಕೇಳಿ ಕಸ್ತೂರಿ ನಕ್ಕಳು. ಆ ಮೂರು ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ಮನೆಯಿಂದ ಏನೂ ಹೊರಗೆ ಹೋಗಬಾರದು. ಬೆಂಕಿಯ ಕೆಂಡವಿಲ್ಲ, ಉಪ್ಪಿಲ್ಲ, ಮಜ್ಜಿಗೆಯಿಲ್ಲ. ಭಿಕ್ಷುಕರು ದಾರ ನೋಡಿಯೇ ಮುಂದೆ ಹೋಗುತ್ತಿದ್ದರು. ಕೊಟ್ಟ ವಸ್ತುವಿನ ಬೆನ್ನು ಹತ್ತಿ ಕೂಸಿನ ಜೀವವೂ ಹೋಗುತ್ತದೆ ಎಂದು ಆಯಿ ಹೇಳುತ್ತಿದ್ದಳು. ನಾನೂ ಶಾಲೆಗೆ ಹೋಗುವಂತಿರಲಿಲ್ಲ. ಬುಧವಾರ ಹೋಯಿತು, ಶನಿವಾರವೂ ಹೋಯಿತು. ಅರ್ಧ ಪುಸ್ತಕ ಫರಸಿಯ ಕೆಳಗೇ ಇತ್ತು.

ತಂಗಿಯ ಬಳಿ ಕೂತು ಬೇವಿನ ಟೊಂಗೆಯಿಂದ ಗಾಳಿ ಹಾಕುವ ಕೆಲಸ ನನ್ನದು. ಅವಳ ಕಣ್ಣು ಬಾತು ಮುಚ್ಚಿದ್ದವು. ತುರಿಸಿಕೊಳ್ಳದಂತೆ ಕೈಗೆ ಬಟ್ಟೆ ಸುತ್ತಿದ್ದೆವು. "ಅಕ್ಕಾ, ಕಥಿ ಹೇಳು, ಅಕ್ಕಾ, ಕಥಿ ಹೇಳು" ಎಂದು ಒಂದೇ ಸಮನೆ ಅಳುತ್ತಿದ್ದಳು. ನನಗೆ ಬಾಯಿಂದ ಕತೆ ಹೇಳಲು ಎಂದೂ ಬಂದಿಲ್ಲ. ಹೋಗಿ ಫರಸಿ ಎತ್ತಿ ಆ ಅರ್ಧವನ್ನು ತಂದು ಓದತೊಡಗಿದೆ. ಅಪ್ಪ, ಕಾಕಾ ಒಳಗೆ ಬರುತ್ತಿರಲಿಲ್ಲ. ಅವ್ವ ಒಲೆಯ ಮುಂದೆ ಇರುತ್ತಿದ್ದಳು. ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದಳು.

"ಏನದು ಓದ್ಲಿಕತ್ತಿ?"

ನನಗೆ ಒಂದೇ ಮಾತು ಹೊಳೆಯಿತು. "ಪುರಾಣ, ಆಯಿ."

"ಯಾರದು?"

"ದೇವಿದೇ."

"ಹಂಗಾದ್ರ ಗಟ್ಟಿ ಓದು. ಆಕಿನೂ ಕೇಳಲಿ." ಎಂದು ಆಯಿ ಕೈ ಮುಗಿದು ಗೋಡೆಗೆ ಒರಗಿ ಕೂತಳು.

ಅಂದಿನಿಂದ ದಿನಾ ಮಧ್ಯಾಹ್ನ ಗಿರಿಜೆಯ ಕತೆ ನಮ್ಮ ಮನೆಯಲ್ಲಿ ದೇವಿಯ ಪುರಾಣವಾಯಿತು. ಓದುವ ಮೊದಲು ಆಯಿ ಅದಕ್ಕೆ ಕುಂಕುಮ ಹಚ್ಚುತ್ತಿದ್ದಳು. ಗಿರಿಜೆ ದೋಣಿ ಹತ್ತಿದಳು, ಹೊಳೆ ಏರಿತು, ದೋಣಿ ಅಲುಗಾಡಿತು. ಕೊನೆಯ ಪುಟಗಳಿಗೆ ಬಂದಾಗ ಆಯಿ ತಟ್ಟನೆ ಕೈ ಎತ್ತಿದಳು. "ದೇವಿ ಮುಂದ ಮುಳುಗೋ ಮಾತು ಬ್ಯಾಡ. ಆಕಿ ದಂಡಿಗಿ ಮುಟ್ಟಿದಳಂತ ಓದು." ಕಸ್ತೂರಿಯೂ ಮುಚ್ಚಿದ ಕಣ್ಣಿನಲ್ಲೇ ಮುಖ ಎತ್ತಿ ಕಾಯುತ್ತಿದ್ದಳು. ಕಣ್ಣು ಪುಟದ ಮೇಲಿದ್ದಂತೆಯೇ ನಾನು ನನ್ನ ಮನಸ್ಸಿನಿಂದ ಓದಿದೆ. ಗಿರಿಜೆ ದಂಡೆಗೆ ಮುಟ್ಟಿದಳು, ಸೀರೆಯ ಅಂಚು ಹಿಂಡಿದಳು, ನಡೆದು ಹೋದಳು. ಆ ದಿನದಿಂದ ತಂಗಿ ಅದೊಂದನ್ನೇ ಮತ್ತೆ ಮತ್ತೆ ಓದಿಸಿದಳು. ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಅವಳನ್ನು ದಂಡೆಗೆ ಮುಟ್ಟಿಸಿದೆ.

ಮೂರನೆಯ ವಾರ ಹಿತ್ತಿಲ ಗೋಡೆಯ ಆಚೆಯಿಂದ ಖಮರು ಕರೆದಳು. ನಾನು ಅರ್ಧ ಪುಸ್ತಕವನ್ನು ಸೆರಗಿನಲ್ಲಿ ಇಟ್ಟುಕೊಂಡೇ ಹೋದೆ.

"ಶರಣಿ, ಕಸ್ತೂರಿ ಹ್ಯಾಂಗ ಇದ್ದಾಳ?"

"ಕಣ್ಣ ತಗದಿಲ್ಲ ಇನ್ನಾ."

"ಅಮ್ಮಿ ದರ್ಗಾಕ್ಕ ಹೇಳಕೊಂಡಾಳ. ಆರಾಮ ಆಗ್ತಾಳ ಬಿಡು." ಆಮೇಲೆ ದನಿ ತಗ್ಗಿಸಿದಳು. "ಮಾಸ್ತರ್ ಕಿತಾಬ ಕೇಳ್ಲಿಕತ್ತಾರ. ನಾ ಎರಡು ಶನಿವಾರ ಮರತೀನಿ ಅಂತ ಸುಳ್ಳ ಹೇಳೀನಿ. ಬರೋ ಬುಧವಾರ ಮುಂಜಾನಿ ಚಿತ್ತಾಪುರಕ್ಕ ಗಾಡಿ ಹೊಂಟದ. ಅದಕ್ಕೂ ಮೊದಲು ಕಿತಾಬ ಕೊಡದಿದ್ರ ಗಾಡಿ ಹತ್ತಬ್ಯಾಡ ಅಂದಾರ."

"ನನ್ನ ಹೆಸರ ಹೇಳು."

"ಹೇಳಿದ್ರ ನಿಮ್ಮಪ್ಪ ನಿನ್ನ ಶಾಲಿ ಬಿಡಸ್ತಾನ. ಹೇಳಂಗಿಲ್ಲ. ಗ್ವಾಡಿ ಮ್ಯಾಲಿಂದ ಒಗೀ ಅಷ್ಟೇ. ಯಾರ್ ನೋಡ್ತಾರ?"

ಗೋಡೆ ನನ್ನ ತಲೆಗಿಂತ ಒಂದು ಗೇಣು ಎತ್ತರ. ಕೈ ಎತ್ತಿದರೆ ಆಗುತ್ತಿತ್ತು. ಎತ್ತಿದೆ. ಒಳಗಿನಿಂದ ಕಸ್ತೂರಿ ನರಳಿದಳು. ಆ ನರಳಿಕೆ ಅದೇ ಗಳಿಗೆಗೆ ಬಂತು, ಅದನ್ನು ನಾನು ಏನೆಂದು ತಿಳಿಯಲಿ? ಪುಟಗಳ ಬೆನ್ನು ಹತ್ತಿ ಅವಳ ಜೀವ ಗೋಡೆ ದಾಟುವುದು ನನ್ನ ಕಣ್ಣಿಗೆ ಕಂಡಿತು. ಕೈ ಇಳಿಸಿದೆ.

"ಒಗೀತೀಯಾ, ಇಲ್ಲಾ?"

"ಆಗವಲ್ದು ಖಮರು."

ಅವಳು ಸಿಟ್ಟಾಗಲಿಲ್ಲ. "ಆತು. ಮಂಗಳಾರ ದೇವಿನ್ನ ಕಳಸ್ತಾರಂತಲ್ಲ. ಅವತ್ತು ಸಂಜೀಕ ಕೊಡು. ಹೊಲದು ಕೊಡ್ಲಿಕ್ಕ ನನಗ ಒಂದು ತಾಸು ಸಾಕು."

ಮುಂದೆ ಎಷ್ಟೋ ವರ್ಷದ ಮೇಲೆ ಚಿತ್ತಾಪುರದ ಆಸ್ಪತ್ರೆಯ ನರ್ಸೊಬ್ಬಳು ನನಗೆ ಹೇಳಿದಳು, ಆ ರೋಗ ಬಟ್ಟೆಗೂ ಕಾಗದಕ್ಕೂ ಅಂಟಿಕೊಂಡು ಹೋಗುತ್ತಿತ್ತಂತೆ. ಹಾಗಾದರೆ ಅಂದು ಒಗೆಯದೆ ಇದ್ದದ್ದೇ ಒಳ್ಳೆಯದಾಯಿತು. ಅದನ್ನು ಕೇಳಿ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಮಂಗಳವಾರದ ಹೊತ್ತಿಗೆ ಕಸ್ತೂರಿ ಕಣ್ಣು ತೆರೆದಿದ್ದಳು. ಬೇವಿನ ನೀರು ಹಾಕಿದರು. ದೇವಿಯನ್ನು ಊರಿನ ಸೀಮೆ ದಾಟಿಸಲು ಹೊಸ ಬಿದಿರಿನ ಬುಟ್ಟಿ ತಂದರು. ಅದರಲ್ಲಿ ಮೊಸರನ್ನ, ಹಸಿರು ಬಳೆ, ಕುಪ್ಪಸದ ಖಣ, ತಂಗಿ ಮಲಗಿದ್ದ ಹಳೆಯ ಸೀರೆ, ಗಾಳಿ ಹಾಕಿದ ಬೇವಿನ ಟೊಂಗೆ. ಎಲ್ಲ ಇಟ್ಟಾದ ಮೇಲೆ ಆಯಿ ಒಳಗೆ ಹೋಗಿ, ನಾನು ಹಾಸಿಗೆಯ ಕೆಳಗೆ ಇಟ್ಟಿದ್ದ ಅರ್ಧ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ತಂದಳು.

"ಆಯಿ, ಅದು ಬ್ಯಾಡ."

"ಯಾಕ? ದಿನಾ ಕೇಳ್ಯಾಳ, ಕುಂಕುಮಾ ಹಚ್ಚಿಸ್ಕೊಂಡಾಳ. ಇದು ಆಕಿದು. ಆಕಿದು ಆಕಿಗಿ ಕೊಡದಿದ್ರ ತಿರಗಿ ಕೇಳ್ಲಿಕ್ಕ ಬರ್ತಾಳ."

ಅಂಗಳದಲ್ಲಿ ಅಪ್ಪ ಇದ್ದರು, ಊರಿನ ಹಿರಿಯರಿದ್ದರು. ಅದು ಪುರಾಣವಲ್ಲ ಎನ್ನಬೇಕಿತ್ತು. ಹಾಗೆಂದರೆ ಮೂರು ವಾರ ದೇವಿಯ ಮುಂದೆ ಸುಳ್ಳು ಓದಿದೆನೆಂದಾಗುತ್ತಿತ್ತು, ಅದೂ ನೀರಿಗೆ ಸಿಕ್ಕ ಹುಡುಗಿಯ ಕತೆ. ಕಸ್ತೂರಿ ಹೊಸ್ತಿಲ ಮೇಲೆ ಕೂತು, ಎಷ್ಟೋ ದಿನದ ಮೇಲೆ ಬಿಸಿಲು ನೋಡುತ್ತಿದ್ದಳು. ಆಯಿ ಪುಸ್ತಕವನ್ನು ಬೇವಿನ ಸೊಪ್ಪಿನ ನಡುವೆ ಇಟ್ಟಳು. ಬುಟ್ಟಿ ಹೊರುವುದು ಆ ಮನೆಯ ಮದುವೆಯಾಗದ ಹುಡುಗಿ. ಎಂದರೆ ನಾನು. ಸೀಮೆ ಮುಟ್ಟಿ ಮರಳಿ ಸ್ನಾನ ಮಾಡುವತನಕ ಮಾತಾಡಬಾರದು, ಹಿಂದೆ ನೋಡಬಾರದು. ಮುಂದೆ ಹಲಗೆ ಬಾರಿಸುವವರು, ನಡುವೆ ನಾನು, ಹಿಂದೆ ಊರು. ದಾರಿ ಖಮರುವಿನ ಮನೆಯ ಮುಂದೆಯೇ ಹೋಗುತ್ತಿತ್ತು. ಅವಳು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ದಬ್ಬಣ, ದಾರ ಪೋಣಿಸಿ ಸಿದ್ಧ ಮಾಡಿಕೊಂಡಿದ್ದಳು. ನನ್ನನ್ನು ನೋಡಿ ನಕ್ಕಳು. ಆಮೇಲೆ ಅವಳ ಕಣ್ಣು ಬುಟ್ಟಿಗೆ ಹೋಯಿತು. ಬೇವಿನ ಸೊಪ್ಪಿನ ನಡುವೆ ಸಿಮೆಂಟ್ ಚೀಲದ ಕಂದು ಕಾಗದ ಎದ್ದು ಕಾಣುತ್ತಿದ್ದಿರಬೇಕು.

"ಶರಣೀ," ಎಂದಳು. ಕೂಗಲಿಲ್ಲ, ಅಂದಳು ಅಷ್ಟೇ. ನಾನು ಮುಂದೆ ನಡೆದೆ.

ಸೀಮೆಯ ಕಲ್ಲಿನ ಆಚೆ ಬುಟ್ಟಿ ಇಳಿಸಿದೆ. ಪುಸ್ತಕ ಕೈ ತಾಕುವಷ್ಟು ಹತ್ತಿರ ಇತ್ತು. ತಿರುಗಿ ನೋಡದೆ ಬಂದೆ.

ಸ್ನಾನವಾದ ಮೇಲೆ, ಹೊತ್ತು ಇಳಿಯುವ ಮೊದಲು, ಶಾಲೆಗೆ ಹೋದೆ. ಮಾಸ್ತರರ ಮೇಜಿನ ಮೇಲೆ ಮುಂದಿನ ಅರ್ಧ ಇತ್ತು. ಖಮರು ಆಗಲೇ ತಂದಿಟ್ಟು ಹೋಗಿದ್ದಳು. ಬಿಚ್ಚಿದ ಬೆನ್ನಿನಿಂದ ದಾರ ನೇತಾಡುತ್ತಿತ್ತು.

"ಬಾ ಶರಣಮ್ಮ. ತಂಗಿ ಆರಾಮಾದಳೇನು?"

"ಹೌದ್ರಿ ಸರ್."

"ಇದು ನೋಡು, ನಿನ್ನ ಗೆಳತಿ ಮಾಡಿದ್ದು. ಉಳಿದದ್ದು ಎಲ್ಲಿ ಅಂದ್ರ ಬಾಯಿ ಬಿಡವಲ್ಲಳು. ಪುಸ್ತಕ ಹೋಗಲಿ. ಕೇಳಿದ್ದಕ್ಕ ಉತ್ತರಾ ಕೊಡದ ಹುಡುಗಿನ್ನ ಯಾವ ಧೈರ್ಯದ ಮ್ಯಾಲ ಪರ ಊರಿಗೆ ಕರಕೊಂಡು ಹೋಗಲಿ? ಅವರಪ್ಪಗ ಹೇಳಿ ಕಳಸೀನಿ." ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ನಿನಗೇನರೆ ಗೊತ್ತದ ಏನವ್ವಾ?"

ಹೇಳಲೆಂದೇ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆದರೆ ದೇವಿ ಮಧ್ಯಾಹ್ನವಷ್ಟೇ ಸೀಮೆ ದಾಟಿದ್ದಳು, ಇನ್ನೂ ದೂರ ಹೋಗಿರಲಿಕ್ಕಿಲ್ಲ. ಅವಳಿಗೆ ಕೊಟ್ಟದ್ದು ಸುಳ್ಳು ಪುರಾಣ ಎಂದು ನಾನು ಬಾಯಿ ಬಿಟ್ಟು ಹೇಳಿದರೆ ಕೇಳಿಸಿಕೊಂಡು ತಿರುಗಿ ಬಂದಾಳು ಎನ್ನಿಸಿತು. ಹೊಸ್ತಿಲ ಮೇಲೆ ಕೂತ ಕಸ್ತೂರಿ ಕಣ್ಣ ಮುಂದೆ ಬಂದಳು.

"ಏನಿಲ್ಲರಿ ಸರ್," ಎಂದೆ.

ಬುಧವಾರ ಗಾಡಿ ಹೋಯಿತು. ಖಮರು ಹೋಗಲಿಲ್ಲ. ಅಪ್ಪ ನನ್ನನ್ನೂ ಕಳುಹಿಸಲಿಲ್ಲ. ಮೂರು ವಾರದ ಪಾಠ ತಪ್ಪಿದೆ, ಇಷ್ಟು ಓದಿದ್ದು ಸಾಕು ಎಂದರು. ಅವಳು ಯಾವ ಶಾಲೆಯನ್ನು ನನಗಾಗಿ ಉಳಿಸಲು ಹೋದಳೋ ಅದೂ ಉಳಿಯಲಿಲ್ಲ. ಆಮೇಲೆ ನಾನು ಅವಳ ಮನೆಯ ಮುಂದಿನ ದಾರಿ ಬಿಟ್ಟು ಖಣಿಯ ಬದಿಯಿಂದ ನೀರಿಗೆ ಹೋಗತೊಡಗಿದೆ. ವರ್ಷ ತುಂಬುವಷ್ಟರಲ್ಲಿ ಅವಳನ್ನು ಶಹಾಬಾದಿಗೆ ಮದುವೆ ಮಾಡಿಕೊಟ್ಟರು. ಕಸ್ತೂರಿ ಬದುಕಿದಳು. ಚಿಮ್ಮನಚೋಡದ ನಿಮ್ಮ ಕಸ್ತೂರಿ ಆಯಿಯ ಕೆನ್ನೆಯ ಕಲೆಗಳನ್ನು ನೀವು ಚಿಕ್ಕವರಿದ್ದಾಗ ಬೆರಳಿಟ್ಟು ಎಣಿಸುತ್ತಿದ್ದಿರಲ್ಲ, ಅವು ಆಗಿನವು.

ನಿಮ್ಮ ಅಪ್ಪ ಕೈಗೂಸಾಗಿದ್ದಾಗ ವಾಡಿ ಸ್ಟೇಷನ್ನಿನಲ್ಲಿ ಒಂದು ಮಧ್ಯಾಹ್ನ ಯಾರೋ ಬುರ್ಖಾದ ಹೆಂಗಸು ನನ್ನ ಪಕ್ಕದ ಕಲ್ಲಿನ ಬೆಂಚಿನ ಮೇಲೆ ಬಂದು ಕೂತಳು. ಮುಖದ ಬಟ್ಟೆ ಎತ್ತಿದಳು.

"ಮುಂದಿಂದೋ, ಹಿಂದಿಂದೋ?" ಎಂದಳು.

ನಾನು ಅತ್ತುಬಿಟ್ಟೆ. ಅವಳು ಕೂಸನ್ನು ಎತ್ತಿಕೊಂಡಳು. ನಾಲ್ಕು ಮಕ್ಕಳಂತೆ, ದೊಡ್ಡವಳು ಶಾಲೆಗೆ ಹೋಗುತ್ತಾಳಂತೆ. ಹಳೆಯದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಗಾಡಿ ಬರುವ ಗಂಟೆ ಬಾರಿಸಿದಾಗ ಮಾತ್ರ ಕೇಳಿದಳು.

"'ಆಚೆ ದಡದಲ್ಲಿ ನಿನಗೆ ಯಾರಿದ್ದಾರೆ ಎಂದು...' ಅಲ್ಲಿಗೇ ಮುಗೀತು ನನ್ನ ಅರ್ಧ. ಎಷ್ಟ್ ಸಲಾ ನೆನಸೀನಿ ಅದನ್ನ. ಗಿರಿಜಾ ದಂಡಿಗಿ ಮುಟ್ಟಿದಳೇನ್ ಶರಣಿ?"

"ಮುಟ್ಟಿದಳು," ಎಂದೆ.

"ಖರೇ?"

ಅದು ಕಸ್ತೂರಿಗಾಗಿ ನಾನು ಓದಿದ್ದು. ಪುಟದ ಮೇಲೆ ಏನಿತ್ತು? ನೆನಪಿಗೆ ಎಷ್ಟು ತಡಕಾಡಿದರೂ ನನ್ನ ಸುಳ್ಳೇ ಸಿಕ್ಕಿತು. ಅಷ್ಟು ಸಲ ಓದಿ ಓದಿ ಅದರ ಕೆಳಗಿನ ಅಕ್ಷರ ಅಳಿಸಿಹೋಗಿತ್ತು. ಗೊತ್ತಿಲ್ಲ ಎನ್ನಲು ಬಾಯಿ ತೆರೆದೆ. ತಪ್ಪಾಯಿತು ಎನ್ನಲೂ ಅದೇ ಬಾಯಿ ಬೇಕಿತ್ತು. ಎರಡೂ ಹೊರಡಲಿಲ್ಲ.

"ಇನ್ನಾ ಹಂಗೇ ಇದ್ದಿ ನೋಡು ನೀ," ಎಂದು ನಕ್ಕು, ಕೂಸನ್ನು ನನ್ನ ತೊಡೆಯ ಮೇಲಿಟ್ಟು, ಶಹಾಬಾದಿನ ಗಾಡಿ ಹತ್ತಿದಳು. ಮತ್ತೆ ನಾನು ಅವಳನ್ನು ನೋಡಿಲ್ಲ.

ನೀವು ದೊಡ್ಡ ದೊಡ್ಡ ಗ್ರಂಥಾಲಯಗಳಿಗೆ ಹೋಗುವವರು. ಎಲ್ಲಿಯಾದರೂ, ಯಾವುದಾದರೂ ಹಳೆಯ ಪುಸ್ತಕದಲ್ಲಿ ಉತ್ತರ ಕೊಡದೆ ದೋಣಿ ಹತ್ತುವ ಗಿರಿಜೆ ಸಿಕ್ಕರೆ, ಕೊನೆಯನ್ನು ಓಡಿ ಬಂದು ನನಗೆ ಹೇಳಬೇಡಿ. ಶಹಾಬಾದಿಗೆ ಹೋಗಿ, ನಮ್ಮ ಊರಿನ ಮೌಲಾಸಾಬರ ಮಗಳು ಖಮರುನ್ನಿಸಾ ಎಲ್ಲಿದ್ದಾಳೆ ಎಂದು ವಿಚಾರಿಸಿ. ಇದ್ದರೆ ಅವಳ ಕೈಗೆ ಕೊಡಿ. ಅವಳು ಮೊದಲು ಓದಲಿ. ಆ ಬುಧವಾರದ ಪಾಳಿ ಅವಳದಿತ್ತು.